ಕುದಿಸಿ ಎಸೆದ ಚಹಾ ಎಲೆಯೂ ಪೊಲೀಸರ ಬಣ್ಣದ ಪರೀಕ್ಷೆಯೂ

ಅಮೆರಿಕದ ಕಾನ್ಸಸ್ ರಾಜ್ಯದ ಲೀವುಡ್ ಎಂಬ ಊರಿನಲ್ಲಿ 2012ರ ಏಪ್ರಿಲ್ 20ರ ಬೆಳಿಗ್ಗೆ ಏಳೂವರೆಯ ಸುಮಾರಿಗೆ ಬಂದೂಕು ಹಿಡಿದ ಪೊಲೀಸರ ತಂಡವೊಂದು ಒಂದು ಮನೆಯ ಬಾಗಿಲು ಬಡಿಯಿತು. ಬಾಗಿಲು ತೆರೆದ ಯಜಮಾನನನ್ನು ನೆಲಕ್ಕೆ ಮಲಗಿಸಿ, ಹೆಂಡತಿ ಮಕ್ಕಳನ್ನು ಕಾವಲಿನಲ್ಲಿರಿಸಿ, ಎರಡು ಗಂಟೆಗೂ ಹೆಚ್ಚು ಹೊತ್ತು ಮನೆಯನ್ನೆಲ್ಲ ಜಾಲಾಡಿದರು. ಅವರು ಹುಡುಕಿಕೊಂಡು ಬಂದದ್ದು ಗಾಂಜಾ ತೋಟವನ್ನು. ನೆಲಮಾಳಿಗೆಯಲ್ಲಿ ಸಿಕ್ಕಿದ್ದು ವಿದ್ಯುದ್ದೀಪದ ಬೆಳಕಿನಲ್ಲಿ ಬೆಳೆಯುತ್ತಿದ್ದ ಟೊಮೆಟೊ ಮತ್ತು ಕುಂಬಳದ ಜಾತಿಯ ಕೆಲವು ಗಿಡಗಳು. ಮಣ್ಣಿಲ್ಲದೆ ನೀರಿನಲ್ಲೇ ಗಿಡ ಬೆಳೆಸುವ ಪ್ರಯೋಗವನ್ನು ತಂದೆ ತನ್ನ ಮಗನೊಡನೆ ಹವ್ಯಾಸವಾಗಿ ಕೈಗೆತ್ತಿಕೊಂಡಿದ್ದ.

ಪೊಲೀಸರು ಆ ಮನೆಯವರೆಗೆ ಬಂದ ದಾರಿಯನ್ನು ಗಮನಿಸಬೇಕು. ಹಿಂದಿನ ವರ್ಷದ ಆಗಸ್ಟ್‌ನಲ್ಲಿ ಆತ ಮಕ್ಕಳೊಂದಿಗೆ ಕಾನ್ಸಸ್ ಸಿಟಿಯ ಒಂದು ಕೃಷಿ ಸಾಮಗ್ರಿ ಅಂಗಡಿಗೆ ಹೋಗಿದ್ದ. ಹೈಡ್ರೋಪೋನಿಕ್ಸ್ ಸಲಕರಣೆ ಕೊಳ್ಳುವವರಲ್ಲಿ ಗಾಂಜಾ ಬೆಳೆಯುವವರೂ ಇರುತ್ತಾರೆಂಬ ಲೆಕ್ಕಾಚಾರದಿಂದ ಅಂಗಡಿಯ ಹೊರಗೆ ಕುಳಿತಿದ್ದ ಹೆದ್ದಾರಿ ಗಸ್ತಿನ ಅಧಿಕಾರಿಯೊಬ್ಬರು ಗಿರಾಕಿಗಳ ವಾಹನ ಸಂಖ್ಯೆಗಳನ್ನು ಬರೆದುಕೊಳ್ಳುತ್ತಿದ್ದರು. ತಿಂಗಳುಗಳ ನಂತರ ಆ ಪಟ್ಟಿ ಸ್ಥಳೀಯ ಪೊಲೀಸರ ಕೈಸೇರಿತು. ಏಪ್ರಿಲ್ 3ರಂದು ಅವರು ಆ ಮನೆಯವರು ಹೊರಗಿಟ್ಟ ಕಸವನ್ನು ಶೋಧಿಸಿದಾಗ ಒಂದಿಷ್ಟು ಒದ್ದೆಯಾದ ಸೊಪ್ಪು ಸಿಕ್ಕಿತು. ಅದು ಏನೂ ಅಲ್ಲವೆಂದು ಅವರೇ ಎಸೆದರು. ಒಂದು ವಾರದ ನಂತರ ಅಂಥದೇ ಸೊಪ್ಪು ಮತ್ತೆ ಸಿಕ್ಕಿತು. ಈ ಸಲ ಜೇಬಿನ ಕಿಟ್‌ನಲ್ಲಿ ಪರೀಕ್ಷಿಸಿದರು, ಗಾಂಜಾ ಎಂದು ಬಂತು. 17ರಂದು ಮೂರನೆಯ ಸಲ ಕಸ ಕೆದಕಿದಾಗಲೂ ಕಿಟ್ ಅದನ್ನೇ ಹೇಳಿತು. ಶೋಧನಾ ವಾರಂಟಿಗೆ ಅಷ್ಟು ಸಾಕಾಯಿತು. ಆ ಸೊಪ್ಪು ಮನೆಯೊಡತಿ ಕುದಿಸಿ ಸೋಸಿ ಎಸೆದಿದ್ದ ಚಹಾ ಎಲೆ. ದಾಳಿಯಾದ ಮೇಲಷ್ಟೇ ಅದು ಪ್ರಯೋಗಾಲಯಕ್ಕೆ ಹೋಯಿತು. ಅಲ್ಲಿನ ತಜ್ಞರು ಸೂಕ್ಷ್ಮದರ್ಶಕದಲ್ಲಿ ನೋಡಿ, ಇದು ಗಾಂಜಾದ ಎಲೆಯನ್ನಾಗಲಿ ಕಾಂಡವನ್ನಾಗಲಿ ಕಿಂಚಿತ್ತೂ ಹೋಲುವುದಿಲ್ಲವೆಂದು ಬರೆದರು.

ಅವರು ನೋಡಿದ್ದು ಏನನ್ನು ಎಂಬುದನ್ನು ಹೇಳಿದರೆ ಈ ಪ್ರಕರಣದ ವಿಪರ್ಯಾಸ ಸ್ಪಷ್ಟವಾಗುತ್ತದೆ. ಗಾಂಜಾ ಎಲೆಯ ಮೇಲ್ಮೈಯಲ್ಲಿ ಕರಡಿಯ ಉಗುರಿನಂತೆ ಬಾಗಿದ ಗಿಡ್ಡ ರೋಮಗಳಿರುತ್ತವೆ. ಒಂದೊಂದರ ಬುಡದಲ್ಲೂ ಕ್ಯಾಲ್ಸಿಯಂ ಕಾರ್ಬೊನೇಟಿನ ಪುಟ್ಟ ಗಂಟು ಇರುತ್ತದೆ. ಎಲೆಯ ಕೆಳಮೈಯಲ್ಲಿ ಗಂಟಿಲ್ಲದ ಉದ್ದನೆಯ ರೋಮಗಳು, ಅವುಗಳ ನಡುವೆ ಅಂಟು ಒಸರುವ ಗ್ರಂಥಿಗಳು. ಮೇಲೊಂದು ಬಗೆ, ಕೆಳಗೊಂದು ಬಗೆ ಎಂಬ ಈ ಜೋಡಿಯನ್ನು ಸಾಧಾರಣ ಸೂಕ್ಷ್ಮದರ್ಶಕದಲ್ಲಿಯೇ ಕಾಣಬಹುದು, ಅದಕ್ಕೆ ಕೆಲವು ನಿಮಿಷ ಸಾಕು. ಅಷ್ಟನ್ನು ಮೊದಲೇ ನೋಡಿದ್ದರೆ ಬಂದೂಕುಗಳು ಹೊರಡುತ್ತಿರಲಿಲ್ಲ.

ಹಾಗಾದರೆ ಜೇಬಿನ ಕಿಟ್ ನೋಡುವುದಾದರೂ ಏನನ್ನು? ಅದು ಒಂದು ಪ್ಲಾಸ್ಟಿಕ್ ಚೀಲ. ಒಳಗೆ ರಾಸಾಯನಿಕ ತುಂಬಿದ ಎರಡೋ ಮೂರೋ ಗಾಜಿನ ನಳಿಕೆಗಳು. ಚಿಟಿಕೆ ಪದಾರ್ಥವನ್ನು ಹಾಕಿ, ಚೀಲವನ್ನು ಮುಚ್ಚಿ, ನಳಿಕೆಗಳನ್ನು ಹೇಳಿದ ಕ್ರಮದಲ್ಲಿ ಒಡೆದು, ಅಲುಗಾಡಿಸಿ, ಬಣ್ಣವನ್ನು ನೋಡಬೇಕು. ಗಾಂಜಾಕ್ಕೆ ಬಹುಕಾಲದಿಂದ ಬಳಕೆಯಲ್ಲಿರುವುದು ಡುಕೆನ್ವಾ–ಲೆವಿನ್ ಪರೀಕ್ಷೆ. ವೆನಿಲಿನ್ ಮತ್ತು ಅಸಿಟಾಲ್ಡಿಹೈಡ್ ಬೆರೆಸಿದ ಆಲ್ಕೊಹಾಲ್ ದ್ರಾವಣಕ್ಕೆ ಹೈಡ್ರೋಕ್ಲೋರಿಕ್ ಆಮ್ಲ ಸೇರಿದಾಗ ನೇರಳೆ ಬಣ್ಣ ಹುಟ್ಟಬೇಕು. ಕೊನೆಗೆ ಕ್ಲೋರೊಫಾರ್ಮ್ ಹಾಕಿದರೆ ಆ ನೇರಳೆ ತಳದ ಪದರಕ್ಕೆ ಇಳಿಯಬೇಕು. ಇನ್ನೊಂದು ಬಗೆಯ ಪರೀಕ್ಷೆಯಲ್ಲಿ ಫಾಸ್ಟ್ ಬ್ಲೂ ಬಿ ಎಂಬ ಲವಣ ಗಾಂಜಾದ ಸತ್ತ್ವದೊಡನೆ ಕೂಡಿ ಕೆಂಪು ಛಾಯೆಯ ಬಣ್ಣವಾಗುತ್ತದೆ. ಎರಡರಲ್ಲೂ ಕಾರಕ, ಅಂದರೆ ಬಣ್ಣ ತರುವ ರಾಸಾಯನಿಕ, ಹಿಡಿದುಕೊಳ್ಳುವುದು ಗಾಂಜಾದ ಇಡೀ ಅಣುವನ್ನಲ್ಲ, ಅದರ ಒಂದು ಮೂಲೆಯನ್ನು, ಅಂದರೆ ಫೀನಾಲ್ ಎಂಬ ರಚನೆಯನ್ನು. ಸಸ್ಯಲೋಕದಲ್ಲಿ ಫೀನಾಲುಗಳಿಗೆ ಬರವಿಲ್ಲ. ಚಹಾದ ಒಗರು ರುಚಿಯೇ ಅವುಗಳದು, ಒಣಗಿದ ಚಹಾ ಎಲೆಯ ತೂಕದಲ್ಲಿ ಅವುಗಳ ಪಾಲು ದೊಡ್ಡದು. ಫೀನಾಲನ್ನು ಅರಸುವ ಕಾರಕದ ಮುಂದೆ ಚಹಾ ಎಲೆಯನ್ನಿಟ್ಟು ಬಂದ ಬಣ್ಣವನ್ನು ಗಾಂಜಾದ ಸಾಕ್ಷಿಯೆಂದು ಓದಿದರೆ ದೋಷ ಕಾರಕದ್ದಲ್ಲ.

ಕೊಕೇನ್ ಪರೀಕ್ಷೆಯ ಒಳಗುಟ್ಟು ಇನ್ನೂ ಸ್ವಾರಸ್ಯಕರ. ಅದರ ಕಾರಕ ಕೋಬಾಲ್ಟ್ ಥಯೋಸಯನೇಟ್. ನೀರಿನಲ್ಲಿ ಕೋಬಾಲ್ಟ್ ಅಯಾನಿನ ಸುತ್ತ ಆರು ನೆರೆಯವರು ಕೂತಿರುವಾಗ ಅದು ನಸುಗೆಂಪಾಗಿ ಕಾಣುತ್ತದೆ. ನೆರೆಯವರು ನಾಲ್ಕೇ ಆದಾಗ ನೀಲಿಯಾಗುತ್ತದೆ. ಕ್ಯಾಮೆರಾ ಪೆಟ್ಟಿಗೆಯಲ್ಲಿ ತೇವ ಹೀರಲು ಇಡುತ್ತಿದ್ದ ಸಿಲಿಕಾ ಜೆಲ್ಲಿನ ನೀಲಿ ಹರಳು ಮಳೆಗಾಲದಲ್ಲಿ ಗುಲಾಬಿಯಾಗುತ್ತಿದ್ದುದೂ ಇದೇ ಕೋಬಾಲ್ಟಿನ ಆಟ. ಕೊಕೇನಿನಂಥ ದಪ್ಪ ಮೈಯ, ಕ್ಷಾರ ಗುಣದ ಅಣು ಬಂದು ಜೊತೆಗೂಡಿದಾಗ ನಾಲ್ಕು ನೆರೆಯವರ ಆ ನೀಲಿ ಸಂಯುಕ್ತ ಸ್ಥಿರವಾಗಿ ನಿಲ್ಲುತ್ತದೆ. ಆದರೆ ದಪ್ಪ ಮೈ ಮತ್ತು ಕ್ಷಾರ ಗುಣ ಕೊಕೇನಿನ ಸ್ವಂತ ಸೊತ್ತಲ್ಲ. ಹಲ್ಲು ಕೀಳುವಾಗ ಮರಗಟ್ಟಿಸಲು ಚುಚ್ಚುವ ಲಿಡೊಕೇನಿಗೂ ಅಲರ್ಜಿಯ ಮಾತ್ರೆಯಲ್ಲಿರುವ ಡೈಫೆನ್‌ಹೈಡ್ರಮಿನ್‌ಗೂ ಅವು ಇವೆ. ಇವುಗಳನ್ನೂ ಸೇರಿಸಿಕೊಂಡು ಈ ಕಾರಕವನ್ನು ನೀಲಿಯಾಗಿಸುವ ವಸ್ತುಗಳ ಸಂಖ್ಯೆ 80ನ್ನು ಮೀರುತ್ತದೆ. ಪರೀಕ್ಷೆಗೆ ಆಮ್ಲದ ಹಂತ, ಕ್ಲೋರೊಫಾರ್ಮಿನ ಹಂತ ಎಂದು ಮುಂದಿನ ಮೆಟ್ಟಿಲುಗಳನ್ನು ಕಟ್ಟಿರುವುದು ಈ ಅಡ್ಡ ನೀಲಿಗಳನ್ನು ಸೋಸಲೆಂದೇ. ಆದರೆ ರಾತ್ರಿ ರಸ್ತೆ ಬದಿಯಲ್ಲಿ, ಪೊಲೀಸ್ ಗಾಡಿಯ ಕೆಂಪು ನೀಲಿ ದೀಪ ಮಿನುಗುತ್ತಿರುವಾಗ, ನಳಿಕೆಗಳನ್ನು ಕ್ರಮ ತಪ್ಪಿ ಒಡೆಯುವುದಾಗಲಿ, ಮೊದಲ ಹಂತದ ನೀಲಿಯನ್ನು ಕಂಡು ಅಲ್ಲಿಗೇ ನಿಲ್ಲಿಸುವುದಾಗಲಿ ಎಷ್ಟು ಸುಲಭ ಎಂಬುದನ್ನು ಊಹಿಸಲು ರಸಾಯನಶಾಸ್ತ್ರ ಬೇಕಾಗಿಲ್ಲ.

ಆಟಿಕೆಯೂ ತಿನಿಸೂ ಹೀಗೆ ಸಿಕ್ಕಿಬಿದ್ದಿವೆ. 2003ರ ಡಿಸೆಂಬರಿನಲ್ಲಿ ಫಿಲಡೆಲ್ಫಿಯಾ ವಿಮಾನ ನಿಲ್ದಾಣದಲ್ಲಿ ಕಾಲೇಜು ವಿದ್ಯಾರ್ಥಿನಿಯೊಬ್ಬಳ ಚೀಲದಲ್ಲಿ ಬಿಳಿ ಪುಡಿ ತುಂಬಿದ ಮೂರು ಕಾಂಡೋಮ್‌ಗಳು ಸಿಕ್ಕವು. ಪರೀಕ್ಷೆಯ ಒತ್ತಡ ಕಳೆಯಲು ಹಾಸ್ಟೆಲಿನ ಹುಡುಗಿಯರು ಹಿಟ್ಟು ತುಂಬಿ ಮಾಡಿಕೊಂಡಿದ್ದ, ಕೈಯಲ್ಲಿ ಹಿಚುಕುವ ಆಟಿಕೆಗಳು ಅವು. ಸ್ಥಳದ ಪರೀಕ್ಷೆ ಕೊಕೇನ್ ಎಂದಿತು. ಪ್ರಯೋಗಾಲಯ ಹಿಟ್ಟು ಎನ್ನುವಷ್ಟರಲ್ಲಿ ಆಕೆ ಮೂರು ವಾರ ಜೈಲಿನಲ್ಲಿದ್ದಳು. 2015ರಲ್ಲಿ ಫ್ಲಾರಿಡಾದ ಒರ್ಲಾಂಡೊದಲ್ಲಿ ಕಾರಿನ ನೆಲಕ್ಕೆ ಉದುರಿದ ಡೋನಟ್ಟಿನ ಸಕ್ಕರೆಯ ಹಳುಕುಗಳು ಕಿಟ್ಟಿನ ಕಣ್ಣಿಗೆ ಮೆತಾಂಫೆಟಮಿನ್ ಎಂಬ ಮಾದಕ ವಸ್ತು ಆದವು, ಮರು ವರ್ಷದ ಕೊನೆಯ ದಿನ ಜಾರ್ಜಿಯಾದಲ್ಲಿ ನೀಲಿ ಬಾಂಬೆ ಮಿಠಾಯಿ ಅದೇ ಆಯಿತು. ಮಿಠಾಯಿಯ ಒಡತಿ ಮೂರು ತಿಂಗಳಿಗೂ ಹೆಚ್ಚು ಕಾಲ ಸೆರೆಯಲ್ಲಿದ್ದಳು. ಗಾಢ ಗಂಧಕಾಮ್ಲ ಸಕ್ಕರೆಯನ್ನು ಕಂದಾಗಿಸಿ ಕೊನೆಗೆ ಇದ್ದಿಲಾಗಿಸುತ್ತದೆಂದು ಪಿಯುಸಿ ವಿದ್ಯಾರ್ಥಿಗೂ ಗೊತ್ತು. ಮಾದಕ ವಸ್ತುಗಳ ಪ್ರಸಿದ್ಧ ಮಾರ್ಕ್ವಿಸ್ ಕಾರಕದಲ್ಲಿರುವುದು ಅದೇ ಗಂಧಕಾಮ್ಲ ಮತ್ತು ಫಾರ್ಮಾಲ್ಡಿಹೈಡ್, ಮೆತಾಂಫೆಟಮಿನ್ ಸೇರಿರುವ ಆಂಫೆಟಮಿನ್ ಗುಂಪಿಗೆ ಅದು ಕೊಡುವ ಬಣ್ಣ ಕಿತ್ತಳೆಯಿಂದ ಕಂದು.

ಕಿಟ್ ಶೇಕಡಾ ಎಷ್ಟು ಸರಿ ಎಂದು ಕೇಳುವುದು ವಾಡಿಕೆ. ಆದರೆ ಆ ಸಂಖ್ಯೆಗಿಂತ ಮುಖ್ಯವಾದದ್ದು ಕಿಟ್ಟನ್ನು ಯಾರ ಮುಂದೆ ಹಿಡಿಯುತ್ತೀರಿ ಎಂಬುದು. ಲೆಕ್ಕಕ್ಕಾಗಿ ಒಂದು ಕಿಟ್ಟನ್ನು ಕಲ್ಪಿಸಿಕೊಳ್ಳೋಣ: ನಿಜವಾದ ಮಾದಕ ವಸ್ತುವನ್ನು ಅದು ಎಂದೂ ಬಿಡುವುದಿಲ್ಲ, ಬೇರೆ ನೂರು ವಸ್ತುಗಳಲ್ಲಿ ಐದನ್ನು ಮಾತ್ರ ತಪ್ಪಾಗಿ ಮಾದಕವೆನ್ನುತ್ತದೆ. ದಂಧೆಯ ಖಚಿತ ಸುಳಿವಿನ ಮೇಲೆ ಹಿಡಿದ 1,000 ಪೊಟ್ಟಣಗಳಲ್ಲಿ 800 ನಿಜವಾದವು ಎಂದಾದರೆ, ಕಿಟ್ ಆ 800ನ್ನೂ ಉಳಿದ 200ರಲ್ಲಿ 10ನ್ನೂ ಹಿಡಿಯುತ್ತದೆ. ಬಣ್ಣ ಬಂದ 810ರಲ್ಲಿ ಬಹುತೇಕ ಎಲ್ಲವೂ ನಿಜ. ಈಗ ಅದೇ ಕಿಟ್ಟನ್ನು ತೋಟಗಾರಿಕೆ ಅಂಗಡಿಯ ಗಿರಾಕಿಗಳ ಕಸದತ್ತ ತಿರುಗಿಸಿ. ಅಲ್ಲಿನ 1,000 ಚೀಲಗಳಲ್ಲಿ 20ರಲ್ಲಿ ಮಾತ್ರ ಗಾಂಜಾ ಇದ್ದರೆ, ಆ 20ಕ್ಕೂ ಬಣ್ಣ ಬರುತ್ತದೆ, ಉಳಿದ 980ರಲ್ಲಿ 49ಕ್ಕೂ ಬರುತ್ತದೆ. ಬಣ್ಣ ಬಂದ ಪ್ರತಿ ಹತ್ತರಲ್ಲಿ ಏಳು ನಿರಪರಾಧಿಗಳವು. ಕಿಟ್ ಕೆಟ್ಟಿಲ್ಲ, ಬದಲೂ ಆಗಿಲ್ಲ. ತೆಳ್ಳಗಾದದ್ದು ಅನುಮಾನದ ಆಧಾರ. ಲೀವುಡ್ಡಿನಲ್ಲಿ ಆಧಾರವೆಂದು ಇದ್ದದ್ದು ಒಂದು ಅಂಗಡಿ ಭೇಟಿ ಮಾತ್ರ.

ಎರಡನೆಯ ಪರೀಕ್ಷೆಯೂ ಹೌದೆಂದಿತಲ್ಲ ಎಂಬ ವಾದವೂ ಇಲ್ಲಿ ಸಲ್ಲದು. ನಾಣ್ಯ ಚಿಮ್ಮಿದಂತೆ ಪ್ರತಿಸಲವೂ ಬೇರೆ ಬೇರೆ ಕಾರಣಕ್ಕೆ ತಪ್ಪಾಗುವ ಪರೀಕ್ಷೆಯನ್ನು ಪುನರಾವರ್ತಿಸಿದರೆ ಭರವಸೆ ಹೆಚ್ಚುತ್ತದೆ. ಅದೇ ಮನೆಯ ಅದೇ ಚಹಾವನ್ನು ಅದೇ ಕಾರಕದ ಮುಂದೆ ಎರಡು ಸಲ ಇಟ್ಟರೆ ಒಂದೇ ತಪ್ಪು ಎರಡು ಸಲ ದಾಖಲಾಗುತ್ತದೆ, ಅಷ್ಟೆ. ಬೇರೆ ತತ್ತ್ವದ ಮೇಲೆ ನಡೆಯುವ ಪರೀಕ್ಷೆ ಬೇಕು. ಪ್ರಯೋಗಾಲಯದ ಗ್ಯಾಸ್ ಕ್ರೊಮ್ಯಾಟೊಗ್ರಫಿ ಮತ್ತು ಮಾಸ್ ಸ್ಪೆಕ್ಟ್ರೊಮೆಟ್ರಿಯ ಜೋಡಿಗೆ ಬೆಲೆ ಬಂದಿರುವುದು ಅದಕ್ಕೇ. ಮೊದಲನೆಯದು ಮಿಶ್ರಣವನ್ನು ಉದ್ದನೆಯ ಕೊಳವೆಯಲ್ಲಿ ಹಾಯಿಸಿ ಒಂದೊಂದು ವಸ್ತುವನ್ನು ಬೇರೆ ಮಾಡುತ್ತದೆ. ಎರಡನೆಯದು ಹೊರಬಂದ ಅಣುವನ್ನು ಎಲೆಕ್ಟ್ರಾನುಗಳಿಂದ ಹೊಡೆದು ಚೂರು ಮಾಡಿ ಚೂರುಗಳ ತೂಕ ನೋಡುತ್ತದೆ. ಕೊಕೇನಿನ ಅಣುಭಾರ 303. ಒಡೆದಾಗ 182 ಮತ್ತು 82ರ ಚೂರುಗಳು ಎದ್ದು ಕಾಣುತ್ತವೆ. ಹೊರಬರುವ ಸಮಯವೂ ಚೂರುಗಳ ವಿನ್ಯಾಸವೂ ಎರಡೂ ಕೊಕೇನಿನೊಡನೆ ತಾಳೆಯಾಗುವುದು ಹಿಟ್ಟಿಗೆ ಅಸಾಧ್ಯ.

ಕಿಟ್ಟಿನ ಈ ಮಿತಿ ಹೊಸ ಸಂಶೋಧನೆಯೇನಲ್ಲ. ಇಂಥ ಪರೀಕ್ಷೆಗಳನ್ನು ಸಾಕ್ಷ್ಯವಾಗಿ ಬಳಸಬಾರದೆಂದು ಅಮೆರಿಕದ ನ್ಯಾಯ ಇಲಾಖೆ 1978ರಲ್ಲಿಯೇ ಹೇಳಿತ್ತು. ಆದರೂ ಜೈಲಿನಲ್ಲಿ ತಿಂಗಳುಗಟ್ಟಲೆ ಕಾಯುವುದಕ್ಕಿಂತ ತಪ್ಪೊಪ್ಪಿಕೊಂಡು ಬೇಗ ಹೊರಬರುವುದೇ ಲೇಸೆಂದು ಬಡವರು ಸಹಿ ಹಾಕುತ್ತಾರೆ, ಪ್ರಕರಣ ಅಲ್ಲಿಗೆ ಮುಗಿಯುತ್ತದೆ, ಮಾದರಿ ಪ್ರಯೋಗಾಲಯಕ್ಕೆ ಹೋಗುವುದೇ ಇಲ್ಲ. ಟೆಕ್ಸಸ್‌ನ ಹ್ಯೂಸ್ಟನ್ ನಗರದಲ್ಲಿ ಹೀಗೆ ತಪ್ಪೊಪ್ಪಿಕೊಂಡು ಶಿಕ್ಷೆ ಅನುಭವಿಸಿದ ಅನೇಕರ ಮಾದರಿಗಳು ತಡವಾಗಿ ಪ್ರಯೋಗಾಲಯ ತಲುಪಿದಾಗ ಅವುಗಳಲ್ಲಿ ಮಾದಕ ವಸ್ತುವೇ ಇರಲಿಲ್ಲ. ಅಲ್ಲಿನ ಪೊಲೀಸರು 2017ರಲ್ಲಿ ಕಿಟ್‌ಗಳ ಬಳಕೆಯನ್ನು ನಿಲ್ಲಿಸಿದರು. ಪುಡಿ ಮುಟ್ಟುವ ಅಧಿಕಾರಿಗಳ ಸುರಕ್ಷತೆಗಾಗಿ ಎಂಬುದು ಅವರು ಕೊಟ್ಟ ಕಾರಣ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2024ರಲ್ಲಿ ಪ್ರಕಟಿಸಿದ ಅಂದಾಜಿನಂತೆ, ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 30,000 ಮಂದಿ ಈ ಕಿಟ್‌ಗಳ ತಪ್ಪಿನಿಂದ ಆರೋಪಕ್ಕೆ ಗುರಿಯಾಗುತ್ತಿದ್ದಾರೆ.

ಕಾರಕವೇ ಇಲ್ಲದೆ ಬರಿಗಣ್ಣಿನಿಂದಲೂ ಎಡವಬಹುದು. 2014ರ ಅಕ್ಟೋಬರಿನಲ್ಲಿ ಜಾರ್ಜಿಯಾದ ಪೊಲೀಸರು ಹೆಲಿಕಾಪ್ಟರಿನಿಂದ ಒಬ್ಬ ನಿವೃತ್ತನ ಹಿತ್ತಿಲಿನಲ್ಲಿ ಗಾಂಜಾ ಕಂಡೆವೆಂದು ಬಂದಿಳಿದರು. ಅಲ್ಲಿದ್ದದ್ದು ಬೆಂಡೆ ಗಿಡ. ಬೆಂಡೆಯ ಎಲೆ ಆಳವಾಗಿ ಸೀಳಿದ್ದರೂ ತೊಟ್ಟಿನ ಬಳಿ ಒಂದೇ ಹಾಳೆಯಾಗಿ ಕೂಡಿರುತ್ತದೆ. ಗಾಂಜಾದಲ್ಲಿ ಐದೋ ಏಳೋ ಕಿರು ಎಲೆಗಳು ಪ್ರತ್ಯೇಕವಾಗಿ ಒಂದೇ ಬಿಂದುವಿನಿಂದ ಹೊರಡುತ್ತವೆ. ಉತ್ತರ ಕರ್ನಾಟಕದ ಊಟದ ತಟ್ಟೆಯಲ್ಲಿ ಪಲ್ಯವಾಗಿ ಬರುವ ಪುಂಡಿ ಇನ್ನೂ ಹತ್ತಿರದ ಹೋಲಿಕೆ. ಸಸ್ಯವಿಜ್ಞಾನಿ ಲಿನೇಯಸ್ ಅದನ್ನು ಹಿಬಿಸ್ಕಸ್ ಕ್ಯಾನಬಿನಸ್ (ಗಾಂಜಾದಂಥ ದಾಸವಾಳ) ಎಂದು ಕರೆದದ್ದೂ ಎಲೆಯ ಈ ಸಾಮ್ಯದಿಂದಲೇ. ಅದರಲ್ಲೂ ಸೀಳುಗಳು ಬುಡದಲ್ಲಿ ಒಂದಾಗಿರುವುದನ್ನು ಎಲೆ ಕಿತ್ತು ನೋಡಿದವರಿಗೆ ತೋರಿಸಿಕೊಡಬೇಕಾಗಿಲ್ಲ. ಆಕಾಶದಿಂದ ನೋಡಿದವರ ಮಾತು ಬೇರೆ.

ಭಾರತದಲ್ಲಿಯೂ ತನಿಖಾಧಿಕಾರಿಗಳು ಸ್ಥಳದಲ್ಲಿ ಬಣ್ಣದ ಕಿಟ್ ಬಳಸುತ್ತಾರೆ. ನ್ಯಾಯಾಲಯ ಎದುರು ನೋಡುವುದು ವಿಧಿವಿಜ್ಞಾನ ಪ್ರಯೋಗಾಲಯದ ವರದಿಯನ್ನು. ತೊಂದರೆ ಇರುವುದು ಇವೆರಡರ ನಡುವಿನ ದಿನಗಳಲ್ಲಿ. ಮಾದಕ ವಸ್ತುಗಳ ನಿಯಂತ್ರಣಕ್ಕಿರುವ 1985ರ ಎನ್‌ಡಿಪಿಎಸ್ ಕಾಯ್ದೆಯ 37ನೆಯ ಕಲಮಿನ ಪ್ರಕಾರ, ವಾಣಿಜ್ಯ ಪ್ರಮಾಣದ ಆರೋಪವಿದ್ದಾಗ ಆರೋಪಿ ತಪ್ಪಿತಸ್ಥನಲ್ಲವೆಂದು ನಂಬಲು ಕಾರಣಗಳಿವೆ ಎಂದು ನ್ಯಾಯಾಧೀಶರಿಗೆ ಮನವರಿಕೆಯಾಗದೆ ಜಾಮೀನು ಸಿಗದು. ವರದಿ ಬರುವ ಮುನ್ನ ಆ ಕಾರಣ ಎಲ್ಲಿಂದ ಬರಬೇಕು? 2010ರ ಮೇ ತಿಂಗಳಿನಲ್ಲಿ ಭೋಪಾಲ್ ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕನೊಬ್ಬನ ಚೀಲದಲ್ಲಿದ್ದ ಗರಂ ಮಸಾಲೆ ಮತ್ತು ಮಾವಿನಕಾಯಿಯ ಆಮಚೂರ್ ಪುಡಿಯನ್ನು ತಪಾಸಣೆಯ ಯಂತ್ರ ಮಾದಕ ವಸ್ತುವೆಂದು ಸೂಚಿಸಿತು. ಅಲ್ಲಿ ಕೆಲಸ ಮಾಡಿದ್ದು ಬಣ್ಣವಲ್ಲ. ಇಂಥ ಯಂತ್ರಗಳು ಸಾಮಾನ್ಯವಾಗಿ ಸೂಕ್ಷ್ಮ ಪ್ರಮಾಣದ ಆವಿಯನ್ನು ಅಯಾನುಗಳಾಗಿಸಿ, ವಿದ್ಯುತ್ ಕ್ಷೇತ್ರದಲ್ಲಿ ಓಡಿಸಿ, ಅವು ಕೊಳವೆಯ ತುದಿ ಮುಟ್ಟಲು ಹಿಡಿಯುವ ಮಿಲಿಸೆಕೆಂಡುಗಳನ್ನು ಅಳೆಯುತ್ತವೆ. ಸರಿಸುಮಾರು ಅದೇ ವೇಗದಲ್ಲಿ ಓಡುವ ಬೇರೊಂದು ಅಣುವನ್ನು ಅವು ಪ್ರತ್ಯೇಕಿಸಲಾರವು. ಮಸಾಲೆ ಎಂದರೆ ನೂರಾರು ಪರಿಮಳದ ಅಣುಗಳ ಮಿಶ್ರಣ. ಅಲ್ಲಿನ ಪ್ರಾದೇಶಿಕ ಪ್ರಯೋಗಾಲಯದಲ್ಲಿ ಅಗತ್ಯ ಸೌಲಭ್ಯವಿಲ್ಲದೆ ಮಾದರಿ ಹೈದರಾಬಾದಿನ ಕೇಂದ್ರ ಪ್ರಯೋಗಾಲಯಕ್ಕೆ ಹೋಯಿತು. ಅದರಲ್ಲಿ ಯಾವ ಮಾದಕ ವಸ್ತುವೂ ಇಲ್ಲವೆಂಬ ವರದಿ ಬಂದು ಆತ ಬಿಡುಗಡೆಯಾಗುವ ಹೊತ್ತಿಗೆ ಜೈಲಿನಲ್ಲಿ 57 ದಿನ ಕಳೆದಿದ್ದ. ಮಧ್ಯಪ್ರದೇಶ ಹೈಕೋರ್ಟ್ ಆತನಿಗೆ 10 ಲಕ್ಷ ರೂಪಾಯಿ ಪರಿಹಾರ ಕೊಡುವಂತೆ ಆದೇಶಿಸಿದ್ದು ಅದಾಗಿ ಸುಮಾರು ಹದಿನೈದು ವರ್ಷಗಳ ನಂತರ.