ಗ್ರೌಂಡಿಂಗ್ ಮತ್ತು ಬಾಂಡಿಂಗ್: ಆರ್ಮರ್ಡ್ ಕೇಬಲ್ ಬಂದು ಸೇರುವ ಲೋಹದ ಬಾಕ್ಸ್‌ನ ಕಥೆ

ಅಮೆರಿಕದಲ್ಲಿ, ಅದರಲ್ಲೂ ನ್ಯೂಯಾರ್ಕ್ ಕಡೆ ಹಳೇ ಮನೆ ಕೊಂಡವರು ಸ್ವಿಚ್ ಬದಲಾಯಿಸೋಣ ಅಂತ ಪ್ಲೇಟ್ ಬಿಚ್ಚಿದರೆ ಒಳಗೆ ಸ್ಟೀಲ್ ಬಾಕ್ಸ್, ಅದಕ್ಕೆ ಬಂದು ಸೇರುವ ಸುರುಳಿ ಸುತ್ತಿದ ಲೋಹದ ಕೇಬಲ್ ಕಾಣುತ್ತದೆ. ಅಲ್ಲಿನವರ ಬಾಯಲ್ಲಿ ಇದು ಬಿಎಕ್ಸ್. ಹಸಿರು ವೈರ್ ಮಾತ್ರ ಎಲ್ಲೂ ಇರುವುದಿಲ್ಲ. ಹಾಗಾದ್ರೆ ಅರ್ತಿಂಗ್ ಇಲ್ವಾ? ಇರಬಹುದು, ಇಲ್ಲದೆಯೂ ಇರಬಹುದು. ಕೇಬಲ್ ಯಾವ ಕಾಲದ್ದು, ಯಾವ ಜಾತಿಯದು ಅಂತ ನೋಡಬೇಕು.

ಗ್ರೌಂಡಿಂಗ್ ಅಂದರೆ ವೈರಿಂಗನ್ನು ಮಣ್ಣಿಗೆ ಜೋಡಿಸುವುದು. ಅಲ್ಲಿ 8 ಅಡಿ ರಾಡ್ ಹೊಡೆಯುತ್ತಾರೆ, ನಮ್ಮಲ್ಲಿ ಉಪ್ಪು ಇದ್ದಿಲು ಹಾಕಿದ ಗುಂಡಿ. ಬಾಂಡಿಂಗ್ ಅಂದರೆ ಕರೆಂಟ್ ತಗಲಬಹುದಾದ ಲೋಹವನ್ನೆಲ್ಲ, ಅಂದರೆ ಬಾಕ್ಸ್, ಪೈಪು, ಪ್ಯಾನೆಲ್ಲಿನ ಡಬ್ಬಿ, ಎಲ್ಲೂ ಕಡಿಯದ ಹಾಗೆ ಒಂದಕ್ಕೊಂದು ಜೋಡಿಸುವುದು. ಜನ ಎರಡನ್ನೂ ಸುಮ್ನೆ ಗ್ರೌಂಡ್ ಅಂದುಬಿಡುತ್ತಾರೆ.

ಶಾಕ್‌ನಿಂದ ಕಾಪಾಡುವುದು ಮಣ್ಣು ಅಂತ ತುಂಬಾ ಜನ ನಂಬಿದ್ದಾರೆ. ಲೆಕ್ಕ ಹಾಕಿ ನೋಡಿ. ಹಾಟ್ ವೈರ್ (ನಮ್ಮ ಫೇಸ್) ಸುಲಿದು ಬಾಕ್ಸಿಗೆ ತಾಗಿತು ಅನ್ನಿ. ಬಾಕ್ಸಿಗೆ ಮಣ್ಣಿನ ಜೋಡಣೆ ಮಾತ್ರ ಇದೆ, ರಾಡ್‌ನ ರೆಸಿಸ್ಟೆನ್ಸ್ 25 ಓಮ್. 120 ವೋಲ್ಟ್‌ಗೆ ಹರಿಯುವುದು 5 ಆಂಪ್‌ಗೂ ಕಡಿಮೆ. 15 ಆಂಪ್ ಬ್ರೇಕರ್ ಅದನ್ನು ಕ್ಯಾರೇ ಅನ್ನುವುದಿಲ್ಲ, ಬಾಕ್ಸ್ ಶಾಕ್ ಹೊಡೆಯುತ್ತಲೇ ಇರುತ್ತದೆ. ಅದೇ ಬಾಕ್ಸಿನಿಂದ ಮೇನ್ ಪ್ಯಾನೆಲ್ ತನಕ ಲೋಹದ ದಾರಿ ಇದ್ದರೆ, ಅಲ್ಲಿ ನ್ಯೂಟ್ರಲ್ ಮತ್ತು ಗ್ರೌಂಡ್ ಸೇರಿರುವುದರಿಂದ, ದಾರಿ ಒಂದು ಓಮ್ ಇದ್ದರೂ 120 ಆಂಪ್ ನುಗ್ಗಿ ಬ್ರೇಕರ್ ತಕ್ಷಣ ಬೀಳುತ್ತದೆ. ಕೆಲಸ ಮಾಡಿದ್ದು ಬಾಂಡಿಂಗ್, ಮಣ್ಣಲ್ಲ. (ನಮ್ಮೂರಲ್ಲಿ ಬರೀ ಗುಂಡಿ ನಂಬಬೇಡಿ, ಕರೆಂಟ್ ಸೋರಿದರೆ ಲೈನ್ ಕಡಿಯುವ ಆರ್‌ಸಿಸಿಬಿ ಹಾಕಿಸಿ ಅನ್ನೋದೂ ಇದಕ್ಕೇ.)

ಈಗ ಕೇಬಲ್‌ಗೆ ಬರೋಣ. ತೀರಾ ಹಳೇ ಬಿಎಕ್ಸ್‌ನಲ್ಲಿ ಲೋಹದ ದಾರಿ ಅಂತ ಇರುವುದು ಹೊರಗಿನ ಸ್ಟೀಲ್ ಸುರುಳಿ (ಇದೇ ಆರ್ಮರ್) ಮಾತ್ರ. ಕೇಬಲ್ ಹೊಸದಾಗಿದ್ದಾಗ ಒಂದು ಸುತ್ತು ಪಕ್ಕದ ಸುತ್ತನ್ನು ಕಚ್ಚಿಕೊಂಡು ಕರೆಂಟ್ ನೇರ ದಾಟುತ್ತದೆ. ತುಕ್ಕು ಹಿಡಿದ ಮೇಲೆ ಸುರುಳಿಯ ಉದ್ದಕ್ಕೂ ಸುತ್ತಿ ಸುತ್ತಿಯೇ ಹೋಗಬೇಕು. ರೆಸಿಸ್ಟೆನ್ಸ್ ಜಾಸ್ತಿ, ಬ್ರೇಕರ್ ಬೀಳುವಷ್ಟು ಕರೆಂಟ್ ಇಲ್ಲ, ಆದರೆ ಆರ್ಮರ್ ಮಾತ್ರ ಗೋಡೆಯೊಳಗೇ ಹೀಟರ್ ಕಾಯಿಲ್ ಥರ ಕಾಯುತ್ತದೆ. ಹಾಗಾಗಿಯೇ 1959ರ ಕೋಡ್ (ಅಮೆರಿಕದ ವೈರಿಂಗ್ ನಿಯಮಾವಳಿ) ಆರ್ಮರಿನೊಳಗೆ ತೆಳು ಅಲ್ಯೂಮಿನಿಯಂ ಪಟ್ಟಿ ಬೇಕೆಂದಿತು. ಅದು ಎಲ್ಲ ಸುತ್ತುಗಳಿಗೂ ತಾಗಿಕೊಂಡು ನೇರ ದಾರಿ ಕೊಡುತ್ತದೆ. ಪಟ್ಟಿ ಇರುವ ಈ ಎಸಿ (ಆರ್ಮರ್ಡ್ ಕೇಬಲ್) ಜಾತಿಯಲ್ಲಿ ಆರ್ಮರೇ ಗ್ರೌಂಡ್. ಪಟ್ಟಿಯ ತುದಿಯನ್ನು ಆರ್ಮರ್ ಮೇಲೆ ಹಿಂದಕ್ಕೆ ಮಡಚಿದರೆ ಸಾಕು, ಸ್ಕ್ರೂ ಕೆಳಗೆ ತುರುಕಬೇಕಿಲ್ಲ. ಬಾಕ್ಸಿಗೆ ದಾರಿ ಹೋಗುವುದು ಕೇಬಲನ್ನು ಬಾಕ್ಸಿಗೆ ಬಿಗಿಯುವ ಕನೆಕ್ಟರ್ ಮೂಲಕ, ಅದರ ಲಾಕ್‌ನಟ್ ಸಡಿಲ ಇದ್ದರೆ ಉಳಿದದ್ದೆಲ್ಲ ದಂಡ. ಕತ್ತರಿಸಿದ ಅಂಚು ವೈರ್ ಕೊಯ್ಯದಂತೆ ಪ್ಲಾಸ್ಟಿಕ್ ಬುಷಿಂಗ್ ಕೂಡ ಹಾಕಲೇಬೇಕು.

ಎಂಸಿ (ಮೆಟಲ್ ಕ್ಲಾಡ್) ಅನ್ನುವ ಇನ್ನೊಂದು ಕೇಬಲ್ ನೋಡೋಕೆ ಹೀಗೇ ಇರುತ್ತದೆ, ಸುಮಾರು ಜನ ಮೋಸ ಹೋಗುವುದು ಇಲ್ಲೇ. ಸಾಮಾನ್ಯ ಎಂಸಿಯ ಆರ್ಮರನ್ನು ಗ್ರೌಂಡ್ ಅಂತ ಕೋಡ್ ಒಪ್ಪುವುದಿಲ್ಲ. ಅದಕ್ಕೇ ಒಳಗೆ ಹಸಿರು ವೈರ್. ಬಾಕ್ಸಿಗೆ ಬರುವ ಹಸಿರು ವೈರ್‌ಗಳನ್ನೆಲ್ಲ ಸೇರಿಸಿ, ಒಂದು ತುಂಡು ವೈರನ್ನು ಬಾಕ್ಸ್ ಹಿಂಬದಿಯ ತೂತಿಗೆ 10-32 ಅಳತೆಯ ಹಸಿರು ಸ್ಕ್ರೂನಿಂದ, ಇನ್ನೊಂದನ್ನು ಔಟ್‌ಲೆಟ್‌ಗೆ (ಪ್ಲಗ್ ಸಾಕೆಟ್) ಕೊಡಬೇಕು. ಆಗ ನಾಳೆ ಯಾರಾದರೂ ಔಟ್‌ಲೆಟ್ ಬಿಚ್ಚಿದರೂ ಮುಂದಿನ ಬಾಕ್ಸ್‌ಗಳ ಗ್ರೌಂಡ್ ಕಡಿಯುವುದಿಲ್ಲ. ಕೈಗೆ ಸಿಕ್ಕಿದ ಡ್ರೈವಾಲ್ ಸ್ಕ್ರೂ ಹಾಕುವ ಹಾಗಿಲ್ಲ.

ಗ್ರೌಂಡ್ ಇಲ್ಲ ಅಂತ ಔಟ್‌ಲೆಟ್‌ನಲ್ಲಿ ನ್ಯೂಟ್ರಲ್‌ನಿಂದ ಗ್ರೌಂಡ್ ಸ್ಕ್ರೂಗೆ ತುಂಡು ವೈರ್ ಕೊಡುವವರೂ ಇದ್ದಾರೆ. ಮೂರು ದೀಪದ ಟೆಸ್ಟರ್ ಎಲ್ಲ ಸರಿ ಅನ್ನುತ್ತದೆ. ನ್ಯೂಟ್ರಲ್ ಎಲ್ಲೋ ಬಿಟ್ಟುಕೊಂಡ ದಿನ ಬಾಕ್ಸಿಗೇ 120 ವೋಲ್ಟ್ ಬರುತ್ತದೆ. ದಯವಿಟ್ಟು ಮಾಡಬೇಡಿ.

ಪಟ್ಟಿ ಇಲ್ಲದ ಹಳೇ ಬಿಎಕ್ಸ್ ಆಗಿದ್ದರೆ ಹೊಸ ಕೇಬಲ್ ಎಳೆಸುವುದೇ ಸರಿ. ಅಷ್ಟು ದುಡ್ಡು ಈಗಿಲ್ಲ ಅಂದರೆ ಜಿಎಫ್‌ಸಿಐ (ನಮ್ಮ ಆರ್‌ಸಿಸಿಬಿ ಥರದ್ದು) ಹಾಕಿಸಿ, ಅದಕ್ಕೆ ಗ್ರೌಂಡ್ ವೈರ್ ಬೇಕಿಲ್ಲ. ಆದರೆ ಜಿಎಫ್‌ಸಿಐ ಔಟ್‌ಲೆಟ್‌ಗಿಂತ ಪ್ಯಾನೆಲ್‌ನಲ್ಲಿ ಕೂರುವ ಜಿಎಫ್‌ಸಿಐ ಬ್ರೇಕರ್ ಒಳ್ಳೆಯದು, ಯಾಕಂದ್ರೆ ಔಟ್‌ಲೆಟ್‌ಗೆ ಬರುವ ವೈರೇ ಬಾಕ್ಸಿಗೆ ತಾಗಿದರೆ ಆ ಔಟ್‌ಲೆಟ್‌ಗೆ ಗೊತ್ತೇ ಆಗುವುದಿಲ್ಲ.