ಅಪ್ಪನ ಹೆಸರಿನ ಹೊಲ, ಮನೆ, ಎಫ್‌ಡಿ: ವಕೀಲರಿಲ್ಲದೆ ನಮ್ಮ ಹೆಸರಿಗೆ ಆಗುತ್ತದೆಯೆ?

ಪ್ರಶ್ನೆ: ಅಪ್ಪ ತೀರಿಕೊಂಡರು. ಗಂಗಾವತಿ ತಾಲ್ಲೂಕಿನಲ್ಲಿ ಅವರ ಹೆಸರಿಗೆ ನಾಲ್ಕು ಎಕರೆ ಗದ್ದೆ, ಊರಲ್ಲೊಂದು ಮನೆ, ಬ್ಯಾಂಕಿನಲ್ಲಿ ಎಫ್‌ಡಿ ಇವೆ. ಉಯಿಲು ಬರೆದಿಲ್ಲ. ಅವ್ವ, ನಾವು ಅಣ್ಣತಮ್ಮ ಇಬ್ಬರು, ಮದುವೆಯಾದ ತಂಗಿ ಇದ್ದೇವೆ. ಕೋರ್ಟಿನಿಂದ ಪ್ರೊಬೇಟ್ ತರಬೇಕು ಎನ್ನುತ್ತಾರೆ. ನಿಜವೆ?

ಉತ್ತರ: ಇಲ್ಲ. ಪ್ರೊಬೇಟ್ ಎಂದರೆ ಉಯಿಲನ್ನು ಕೋರ್ಟು ದೃಢಪಡಿಸಿ ಕೊಡುವ ಪತ್ರ. ಉಯಿಲೇ ಇಲ್ಲದ ಮೇಲೆ ಅದರ ಮಾತು ಬರುವುದಿಲ್ಲ. ಉಯಿಲು ಇದ್ದಿದ್ದರೂ ಕೊಪ್ಪಳ, ರಾಯಚೂರು, ಬಳ್ಳಾರಿಯ ಆಸ್ತಿಗೆ ಅದು ಕಡ್ಡಾಯವಲ್ಲ. (ಬಳ್ಳಾರಿ 1953ರವರೆಗೆ ಮದ್ರಾಸ್ ಪ್ರಾಂತ್ಯದಲ್ಲಿತ್ತಲ್ಲ ಎಂದು ಕೇಳುವವರಿದ್ದಾರೆ. ಪ್ರೊಬೇಟ್ ಕಡ್ಡಾಯವೆಂಬ ನಿಯಮ ಇದ್ದದ್ದು ಮದ್ರಾಸ್ ನಗರಕ್ಕೆ, ಇಡೀ ಪ್ರಾಂತ್ಯಕ್ಕಲ್ಲ.)

ಗದ್ದೆಗೆ ಬೇಕಾದದ್ದು ಪೌತಿ ಖಾತೆ, ಅಂದರೆ ತೀರಿಕೊಂಡವರ ಹೆಸರಿನ ಜಮೀನನ್ನು ವಾರಸುದಾರರ ಹೆಸರಿಗೆ ಏರಿಸುವುದು. ಮರಣ ಪ್ರಮಾಣಪತ್ರ, ವಂಶವೃಕ್ಷ, ಪಹಣಿ, ಎಲ್ಲ ವಾರಸುದಾರರ ಆಧಾರ್ ಹಿಡಿದು ನಾಡಕಚೇರಿಗೆ ಹೋಗಿ. ವಂಶವೃಕ್ಷವನ್ನು ಮೊದಲೇ ಮಾಡಿಸಿಕೊಳ್ಳಿ. ಅದಕ್ಕೆ ಅಫಿಡವಿಟ್ ಕೊಡಬೇಕು, ಗ್ರಾಮ ಆಡಳಿತಾಧಿಕಾರಿ ಊರಲ್ಲಿ ವಿಚಾರಿಸಿ ವರದಿ ಹಾಕುತ್ತಾರೆ.

ಕೆಲಸ ಕೆಡುವುದು ಹೆಚ್ಚಾಗಿ ಇಲ್ಲೇ. ‘ತಂಗೀದು ಮದುವೆ ಆಗೇತಿ, ಆಕಿ ಹೆಸರು ಯಾಕ?’ ಎಂದು ಬಿಟ್ಟುಬಿಡುತ್ತಾರೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರೂ ಮೊದಲ ದರ್ಜೆಯ ವಾರಸುದಾರರು. ತೀರಿಕೊಂಡವರ ತಾಯಿ ಬದುಕಿದ್ದರೆ ಅವರೂ ಅಷ್ಟೆ. ನಿಮ್ಮ ಅಜ್ಜಿ ಇದ್ದರೆ ಮರೆಯಬೇಡಿ. ಪಿತ್ರಾರ್ಜಿತ ಆಸ್ತಿಯಲ್ಲೂ ಮಗಳಿಗೆ ಹುಟ್ಟಿನಿಂದಲೇ ಹಕ್ಕಿದೆ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿದೆ. ಹೆಸರು ಬಿಟ್ಟ ವಂಶವೃಕ್ಷದ ಮೇಲೆ ಖಾತೆಯಾದರೂ ಹತ್ತು ವರ್ಷದ ಮೇಲೆ ಆಕೆಯ ದಾವೆ ಬರಬಹುದು.

ತಂಗಿಗೆ ನಿಜವಾಗಿಯೂ ಪಾಲು ಬೇಡವಾದರೆ ಹಕ್ಕು ಬಿಡುಗಡೆ ಪತ್ರ ಬರೆಸಿ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಬೇಕು. ಬಾಂಡ್ ಪೇಪರಿನ ಮೇಲೆ ಹಿರಿಯರೆದುರು ಹಾಕಿಸಿದ ಸಹಿ ಸಾಲದು.

ಎರಡನೆಯ ತೊಡಕು ಹೆಸರಿನದು. ಪಹಣಿಯಲ್ಲಿ ‘ಈರಪ್ಪ’, ಮರಣ ಪ್ರಮಾಣಪತ್ರದಲ್ಲಿ ‘ವೀರಪ್ಪ’, ಪಾಸ್‌ಬುಕ್ಕಿನಲ್ಲಿ ಇನ್ನೊಂದು. ಇಬ್ಬರೂ ಒಬ್ಬರೇ ಎಂಬ ಅಫಿಡವಿಟ್ಟನ್ನು ನೋಟರಿ ಬಳಿ ಮಾಡಿಸಿ ಅರ್ಜಿಯ ಜೊತೆಗೇ ಇಡಿ. ಪಹಣಿ ಇನ್ನೂ ಅಜ್ಜನ ಹೆಸರಿನಲ್ಲೇ ಇದ್ದರೆ ಅವರ ಮರಣ ಪ್ರಮಾಣಪತ್ರವೂ, ಅಜ್ಜನಿಂದ ಶುರುವಾಗುವ ವಂಶವೃಕ್ಷವೂ ಬೇಕು. ಆಗ ಚಿಕ್ಕಪ್ಪ, ಅತ್ತೆಯರೂ ಒಳಗೆ ಬರುತ್ತಾರೆ. ಸತ್ತು ಒಂದು ವರ್ಷ ದಾಟಿಯೂ ಮರಣ ನೋಂದಣಿ ಆಗಿರದಿದ್ದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕಾಗುತ್ತದೆ.

ಅರ್ಜಿ ಕೊಟ್ಟ ಮೇಲೆ ನೋಟಿಸ್ ಹೊರಡುತ್ತದೆ, ತಕರಾರಿಗೆ ಅದರಲ್ಲಿ ಗಡುವು ಇರುತ್ತದೆ. ತಕರಾರು ಬರದಿದ್ದರೆ ಎಲ್ಲರ ಹೆಸರೂ ಜಂಟಿಯಾಗಿ ಏರುತ್ತವೆ. ಗದ್ದೆಯನ್ನು ಬೇರೆ ಬೇರೆ ಮಾಡಿಕೊಳ್ಳುವುದು ಪೌತಿಯಲ್ಲಿ ಆಗುವ ಕೆಲಸವಲ್ಲ. ಅದಕ್ಕೆ ಪಾಲುಗಳನ್ನು ಅಳೆದು ತೋರಿಸುವ ಸರ್ವೆಯವರ 11-ಇ ನಕ್ಷೆ, ಆಮೇಲೆ ವಿಭಾಗ ಪತ್ರ. ಕಾಲುವೆ ನೀರು, ದಾರಿ ಯಾರ ಪಾಲಿನ ಮೂಲಕ ಹೋಗುತ್ತವೆ ಎಂಬುದನ್ನೂ ಪತ್ರದಲ್ಲಿ ಬರೆಸಿ.

ಮನೆಯದು ಸುಲಭ. ಇವೇ ದಾಖಲೆಗಳನ್ನು ಗ್ರಾಮ ಪಂಚಾಯಿತಿಗೆ, ಪಟ್ಟಣದಲ್ಲಾದರೆ ನಗರಸಭೆಗೆ ಕೊಟ್ಟು ಖಾತೆ ಬದಲಾವಣೆ ಕೇಳಿ. ಬಾಕಿ ತೆರಿಗೆ ಮೊದಲು ಕಟ್ಟಿಬಿಡಿ.

ಎಫ್‌ಡಿಗೆ ನಾಮಿನಿ ಇದ್ದರೆ ಮರಣ ಪ್ರಮಾಣಪತ್ರ, ಗುರುತಿನ ಚೀಟಿ, ಕ್ಲೇಮ್ ಫಾರಂ ಸಾಕು. ಆದರೆ ನಾಮಿನಿ ಹಣದ ಒಡೆಯನಲ್ಲ, ವಾರಸುದಾರರ ಪರವಾಗಿ ಪಡೆಯುವವನು ಅಷ್ಟೆ. ನಾಮಿನಿ ಇಲ್ಲದಿದ್ದರೂ ರಿಸರ್ವ್ ಬ್ಯಾಂಕಿನ 2025ರ ನಿರ್ದೇಶನದಂತೆ 15 ಲಕ್ಷ ರೂಪಾಯಿವರೆಗೆ (ಸಹಕಾರಿ ಬ್ಯಾಂಕುಗಳಲ್ಲಿ 5 ಲಕ್ಷ) ತಕರಾರಿಲ್ಲದ ಕ್ಲೇಮಿಗೆ ಸಕ್ಸೆಷನ್ ಸರ್ಟಿಫಿಕೇಟ್ (ವಾರಸುದಾರರೆಂದು ಕೋರ್ಟು ಕೊಡುವ ಪತ್ರ) ಕೇಳುವಂತಿಲ್ಲ. ದಾಖಲೆ ಪೂರ್ತಿ ಕೊಟ್ಟ 15 ದಿನದಲ್ಲಿ ಇತ್ಯರ್ಥವಾಗಬೇಕು. ಕೊಟ್ಟದ್ದಕ್ಕೆಲ್ಲ ಸ್ವೀಕೃತಿ ಪಡೆಯಿರಿ.

ತಕರಾರು ಅರ್ಜಿ ಬಿದ್ದರೆ, ಯಾರಾದರೂ ದಿಢೀರನೆ ಉಯಿಲು ಹಿಡಿದು ಬಂದರೆ ಮಾತ್ರ ವಕೀಲರ ಬಳಿ ಹೋಗಿ. ಒಡೆತನದ ಜಗಳವನ್ನು ತಹಶೀಲ್ದಾರರು ತೀರ್ಮಾನಿಸಲಾರರು, ಅದು ಸಿವಿಲ್ ಕೋರ್ಟಿನದು.

ಹೊಸ ಪಹಣಿ ಬಂದಾಗ 9ನೇ ಕಲಂನಲ್ಲಿ ಎಲ್ಲರ ಹೆಸರು ಸರಿಯಿದೆಯೆ ನೋಡಿ. 11ನೇ ಕಲಂನಲ್ಲಿ ಸೊಸೈಟಿಯ ಬೆಳೆಸಾಲದ ಬೋಜಾ ಇದ್ದರೆ, ಬಂದ ಆಸ್ತಿಯ ಮಟ್ಟಿಗೆ ಅದನ್ನು ತೀರಿಸುವ ಹೊಣೆಯೂ ವಾರಸುದಾರರದೇ.