ಮೊದಲ ಪಿಸ್ತೂಲು ಮೆದುಳಿಗೆ ಏನು ಕಲಿಸುತ್ತದೆ?

2024ರ ಜುಲೈ 30ರಂದು ಪ್ಯಾರಿಸ್ ಒಲಿಂಪಿಕ್ಸ್‌ನ 10 ಮೀಟರ್ ಏರ್ ಪಿಸ್ತೂಲ್ ಮಿಶ್ರ ತಂಡ ಸ್ಪರ್ಧೆಯಲ್ಲಿ ಮನು ಭಾಕರ್ ಮತ್ತು ಸರಬ್‌ಜೋತ್ ಸಿಂಗ್ ಕಂಚಿನ ಪದಕ ಗೆದ್ದರು. ಆದರೆ ನಮ್ಮ ಮೊಬೈಲುಗಳಲ್ಲಿ ಹೆಚ್ಚು ಹರಿದಾಡಿದ್ದು ಅದೇ ಸ್ಪರ್ಧೆಯಲ್ಲಿ ಬೆಳ್ಳಿ ಪಡೆದ ಟರ್ಕಿಯ ಯೂಸುಫ್ ಡಿಕೆಚ್ ಅವರ ಚಿತ್ರ. ಸಾಮಾನ್ಯ ಕನ್ನಡಕ ಹಾಕಿಕೊಂಡು, ಒಂದು ಕೈಯನ್ನು ಪ್ಯಾಂಟಿನ ಜೇಬಿಗೆ ಇಳಿಬಿಟ್ಟು ನಿಂತ ಅವರನ್ನು ಕಂಡವರೆಲ್ಲ ‘ಯಾವ ಸಲಕರಣೆಯೂ ಇಲ್ಲದೆ ಗೆದ್ದ ಮನುಷ್ಯ’ ಎಂದು ಕೊಂಡಾಡಿದರು. ಅವರ ಇನ್ನೊಂದು ಕೈಯಲ್ಲಿದ್ದದ್ದೇ ಆ ಕ್ರೀಡೆಯ ಮುಖ್ಯ ಸಲಕರಣೆ, ಅಂಗೈಗೆ ಹೊಂದುವ ಹಿಡಿಕೆಯುಳ್ಳ, ಮದ್ದಿನ ಬದಲು ಗಾಳಿಯ ಒತ್ತಡದಿಂದ ಗುಂಡು ಹಾರಿಸುವ ಸ್ಪರ್ಧಾ ಏರ್ ಪಿಸ್ತೂಲು, ಎಂಬುದನ್ನು ಗಮನಿಸಿದವರು ಕಡಿಮೆ. ಬಿಡುವಾದ ಕೈಯನ್ನು ಜೇಬಿನಲ್ಲಿ ಇಲ್ಲವೇ ಸೊಂಟದ ಪಟ್ಟಿಯಲ್ಲಿ ಸಿಕ್ಕಿಸಿಕೊಳ್ಳುವುದು ಮೈ ಅಲುಗಾಟವನ್ನು ಕಡಿಮೆ ಮಾಡಲು ಬಹುಪಾಲು ಪಿಸ್ತೂಲ್ ಶೂಟರ್‌ಗಳು ಮಾಡುವ ಕೆಲಸ. ಅದರಲ್ಲಿ ಗತ್ತೇನೂ ಇಲ್ಲ.

ಶೂಟಿಂಗ್ ರೇಂಜಿಗೆ ಹೊಸದಾಗಿ ಬಂದು ‘ಮೊದಲು ಯಾವ ಪಿಸ್ತೂಲು ಕೊಳ್ಳಲಿ?’ ಎಂದು ಕೇಳುವವರ ತಲೆಯಲ್ಲಿ ಇಂಥದೇ ತಪ್ಪು ಚಿತ್ರಗಳು ತುಂಬಿರುತ್ತವೆ. ಸದ್ದು ಜೋರಾದಷ್ಟೂ ಗುಂಡು ನೇರ ಹೋಗುತ್ತದೆ, ಗುಂಡು ಹಾರುವಾಗ ಪಿಸ್ತೂಲು ಹಿಂದಕ್ಕೆ ಕೊಡುವ ಒದೆತ ತಡೆದುಕೊಳ್ಳುವುದೇ ನಿಪುಣತೆ, ಏರ್ ಪಿಸ್ತೂಲು ಮಕ್ಕಳ ಆಟಿಕೆ ಎಂಬ ಈ ನಂಬಿಕೆಗಳನ್ನು ಸಿನಿಮಾಗಳು ನೀರೆರೆದು ಬೆಳೆಸಿವೆ. ಭಾರತದಲ್ಲಿ ಕಾನೂನು ಈ ಆಸೆಗೆ ತಾನಾಗಿಯೇ ಕಡಿವಾಣ ಹಾಕುತ್ತದೆ. 9 ಮಿ.ಮೀ. ಪಿಸ್ತೂಲು ನಾಗರಿಕರಿಗೆ ನಿಷಿದ್ಧ; .22 ಅಥವಾ .32 ಬೋರಿನದಕ್ಕೆ (ಬೋರ್ ಎಂದರೆ ಇಂಚಿನ ಲೆಕ್ಕದಲ್ಲಿ ನಳಿಕೆಯ ಒಳವ್ಯಾಸ) 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಪರವಾನಗಿ ಬೇಕು. 2016ರ ನಿಯಮಗಳ ಪ್ರಕಾರ .177 ಬೋರಿನ, 20 ಜೂಲ್ ಶಕ್ತಿಯನ್ನು ಮೀರದ ಏರ್ ಪಿಸ್ತೂಲಿಗೆ ಪರವಾನಗಿ ಬೇಕಿಲ್ಲ. ಇಂಥ ಕಾನೂನು ಇಲ್ಲದೇ ಇದ್ದಿದ್ದರೂ ಗುರಿ ಕಲಿಯಬೇಕೆನ್ನುವವರಿಗೆ ನಾನು ಅತ್ಯಂತ ದುರ್ಬಲವಾದ ಪಿಸ್ತೂಲನ್ನೇ ಸೂಚಿಸುತ್ತಿದ್ದೆ. ಅದಕ್ಕೆ ಕಾರಣ ನಮ್ಮ ನರಮಂಡಲದಲ್ಲಿದೆ.

ಮೊದಲು ಒದೆತದ ಲೆಕ್ಕ. ಎಂಟು ಗ್ರಾಂ ತೂಕದ 9 ಮಿ.ಮೀ. ಗುಂಡು ಸೆಕೆಂಡಿಗೆ ಸುಮಾರು 350 ಮೀಟರ್ ವೇಗದಲ್ಲಿ ಹೊರಟರೆ, ಸಂವೇಗ ಸಂರಕ್ಷಣೆಯ ನಿಯಮದಂತೆ 800 ಗ್ರಾಂ ತೂಕದ ಪಿಸ್ತೂಲು ಸೆಕೆಂಡಿಗೆ ಮೂರೂವರೆ ಮೀಟರ್ ವೇಗದಲ್ಲಿ ಹಿಂದಕ್ಕೆ ಬರಬೇಕು. ಮದ್ದಿನ ಅನಿಲದ ಪಾಲನ್ನು ಸೇರಿಸಿದರೆ ಇನ್ನೂ ಸ್ವಲ್ಪ ಹೆಚ್ಚು. 2.6 ಗ್ರಾಂ ತೂಕದ .22 ಗುಂಡು ಸುಮಾರು 300 ಮೀಟರ್ ವೇಗದಲ್ಲಿ ಹೊರಟಾಗ 1.1 ಕಿಲೋ ತೂಕದ ಸ್ಪರ್ಧಾ ಪಿಸ್ತೂಲು ಪಡೆಯುವ ವೇಗ ಸೆಕೆಂಡಿಗೆ ಸುಮಾರು 70 ಸೆಂಟಿಮೀಟರ್. ಅರ್ಧ ಗ್ರಾಂ ತೂಕದ ಪೆಲೆಟ್ಟನ್ನು (ಸೀಸದ ಪುಟ್ಟ ಗುಂಡು) 150 ಮೀಟರ್ ವೇಗದಲ್ಲಿ ಊದುವ ಏರ್ ಪಿಸ್ತೂಲಿನಲ್ಲಿ ಅದು ಏಳೆಂಟು ಸೆಂಟಿಮೀಟರ್ ಮಾತ್ರ. ಒದೆತದ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಕೈಗೆ ತಾಗುವ ವ್ಯತ್ಯಾಸ ಈ ಅಂಕಿಗಳು ತೋರಿಸುವುದಕ್ಕಿಂತಲೂ ಬಹಳ ದೊಡ್ಡದು.

ಈ ಒದೆತವೇ ಗುಂಡನ್ನು ದಾರಿ ತಪ್ಪಿಸುತ್ತದೆ ಎಂದು ಬಹುಪಾಲು ಜನ ತಿಳಿದಿರುತ್ತಾರೆ. ಆದರೆ ಗುಂಡು ನಳಿಕೆಯೊಳಗೆ ಇರುವುದು ಒಂದು ಮಿಲಿಸೆಕೆಂಡಿಗಿಂತಲೂ ಕಡಿಮೆ ಹೊತ್ತು. ಪಿಸ್ತೂಲಿನ ತೂಕ ಗುಂಡಿನ ನೂರು ಪಟ್ಟು ಇರುವುದರಿಂದ ಗುಂಡು ನಳಿಕೆಯಲ್ಲಿ ಹತ್ತು ಸೆಂಟಿಮೀಟರ್ ಸಾಗುವಷ್ಟರಲ್ಲಿ ಪಿಸ್ತೂಲು ಹಿಂದೆ ಸರಿದಿರುವುದು ಸುಮಾರು ಒಂದು ಮಿಲಿಮೀಟರ್. ಆ ಅಲ್ಪ ಚಲನೆಯೂ ಪ್ರತಿ ಬಾರಿ ಹೆಚ್ಚುಕಡಿಮೆ ಒಂದೇ ರೀತಿ ನಡೆಯುವುದರಿಂದ ಸೈಟ್‌ಗಳನ್ನು, ಅಂದರೆ ಗುರಿ ನೋಡಲು ಪಿಸ್ತೂಲಿನ ಮೇಲೆ ಹಿಂದೊಂದು ಮುಂದೊಂದು ಇರುವ ಗುರುತುಗಳನ್ನು, ಹೊಂದಿಸುವಾಗಲೇ ಅದು ಲೆಕ್ಕಕ್ಕೆ ಸೇರಿಹೋಗುತ್ತದೆ. ಪಿಸ್ತೂಲಿನ ಮೂತಿ ಕಣ್ಣಿಗೆ ಕಾಣುವಂತೆ ಮೇಲಕ್ಕೆ ಎಗರುವ ಹೊತ್ತಿಗೆ ಗುಂಡು ನಳಿಕೆಯನ್ನು ಬಿಟ್ಟು ಎಷ್ಟೋ ಮುಂದೆ ಹೋಗಿರುತ್ತದೆ. ಮನುಷ್ಯನ ಅತಿ ವೇಗದ ಪರಾವರ್ತಿತ ಕ್ರಿಯೆಗಳಲ್ಲಿ ಒಂದಾದ, ಸದ್ದಿಗೆ ಬೆಚ್ಚಿ ರೆಪ್ಪೆ ಬಡಿಯುವ ಕ್ರಿಯೆಗೂ ಸುಮಾರು 30 ಮಿಲಿಸೆಕೆಂಡು ಬೇಕು. ಹಾಗಾದರೆ ಒದೆತಕ್ಕೆ ಕೈ ಕೊಡುವ ಪ್ರತಿಕ್ರಿಯೆಯಿಂದ ಯಾವ ಗುಂಡೂ ಗುರಿ ತಪ್ಪಲಾರದು.

ಆದರೂ ಗುಂಡು ತಪ್ಪುತ್ತದೆ, ಮತ್ತು ಬಲಗೈ ಬಳಸುವವರಲ್ಲಿ ಸಾಮಾನ್ಯವಾಗಿ ಕೆಳಗೆ, ಎಡಕ್ಕೆ ತಪ್ಪುತ್ತದೆ. ಕೈ ಪ್ರತಿಕ್ರಿಯಿಸಿದ್ದಲ್ಲ, ಮೆದುಳು ಮುಂಚಿತವಾಗಿ ಊಹಿಸಿದ್ದು ಇದಕ್ಕೆ ಕಾರಣ. ಇವಾನ್ ಪಾವ್ಲೋವ್ ನಾಯಿಗಳ ಮೇಲೆ ನಡೆಸಿದ ಪ್ರಯೋಗ ಶಾಲೆ ಓದಿದ ಎಲ್ಲರಿಗೂ ಗೊತ್ತು. (1904ರಲ್ಲಿ ಅವರಿಗೆ ನೊಬೆಲ್ ಬಂದದ್ದು ಜೀರ್ಣಕ್ರಿಯೆಯ ಸಂಶೋಧನೆಗೆ, ನಾಯಿಯ ಜೊಲ್ಲು ಆ ಕೆಲಸದ ನಡುವೆ ಸಿಕ್ಕ ಅಡ್ಡ ಫಲ.) ಟ್ರಿಗರ್ ಒತ್ತುವುದು, ಅದರ ಬೆನ್ನಿಗೇ ಸ್ಫೋಟದ ಸದ್ದು, ಕೈಗೆ ಬೀಳುವ ಪೆಟ್ಟು ಇವು ಕೆಲವು ಡಜನ್ ಬಾರಿ ಜೊತೆಜೊತೆಯಾಗಿ ನಡೆದರೆ, ಆಮೇಲೆ ಟ್ರಿಗರ್‌ನ ಒತ್ತಡವೊಂದೇ ಸಾಕು: ಗುಂಡು ಹಾರುವ ಮೊದಲೇ ರೆಪ್ಪೆ ಮುಚ್ಚುತ್ತದೆ, ಮುಂಗೈಯ ಸ್ನಾಯುಗಳು ಬಿಗಿಯುತ್ತವೆ, ಬರಲಿರುವ ಒದೆತವನ್ನು ಎದುರಿಸಲು ಮಣಿಕಟ್ಟು ಕೆಳಕ್ಕೆ ಬಾಗುತ್ತದೆ. ಮೊಲಗಳ ಮೇಲೆ ನಡೆದ ಪ್ರಯೋಗಗಳಲ್ಲಿ, ಇಂಥ ಸೂಚನೆಗೆ ರೆಪ್ಪೆ ಮುಚ್ಚುವ ಕಲಿಕೆ ಕಿರುಮೆದುಳನ್ನು (ಮೆದುಳಿನ ಹಿಂಬದಿಯಲ್ಲಿದ್ದು ಚಲನೆಗಳನ್ನು ಹೊಂದಿಸುವ ಭಾಗ) ಅವಲಂಬಿಸಿದೆ ಎಂದು ಸ್ಪಷ್ಟವಾಗಿ ಕಂಡುಬಂದಿದೆ. ಕಿರುಮೆದುಳಿಗೆ ನಮ್ಮ ಸಂಕಲ್ಪದ ಗೊಡವೆ ಇಲ್ಲ. ‘ಹೆದರಬೇಡ’ ಎಂಬ ಉಪದೇಶ ಅಲ್ಲಿಗೆ ತಲುಪುವುದೇ ಇಲ್ಲ. ಶೂಟರ್‌ಗಳು ಫ್ಲಿಂಚ್ ಎಂದು ಕರೆಯುವ ಈ ದೋಷವನ್ನು ಹೇಡಿತನವೆಂದು ಗೇಲಿ ಮಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅದು ಚೆನ್ನಾಗಿ ಕೆಲಸ ಮಾಡುತ್ತಿರುವ ಮೆದುಳಿನ ಲಕ್ಷಣ.

ಇದನ್ನು ಕಣ್ಣಾರೆ ಕಾಣಲು ಕೋಚ್‌ಗಳು ಒಂದು ಸರಳ ಪರೀಕ್ಷೆ ಮಾಡುತ್ತಾರೆ. ಪಿಸ್ತೂಲಿಗೆ ಗುಂಡು ತುಂಬುವ ಮ್ಯಾಗಜೀನಿನಲ್ಲಿ ನಿಜವಾದ ಗುಂಡುಗಳ ನಡುವೆ ಒಂದೆರಡು ಮದ್ದಿಲ್ಲದ ಪೊಳ್ಳು ಗುಂಡುಗಳನ್ನು, ಶೂಟರ್‌ಗೆ ತಿಳಿಯದಂತೆ, ಸೇರಿಸಿ ಕೊಡುತ್ತಾರೆ. ಎರಡು ಮೂರು ಗುಂಡುಗಳು ಸದ್ದು ಮಾಡಿ ಹೋಗುತ್ತವೆ, ಎಲ್ಲವೂ ಸರಿಯಾಗಿದೆ ಎನಿಸುತ್ತದೆ. ಮುಂದಿನ ಬಾರಿ ಟ್ರಿಗರ್ ‘ಟಕ್’ ಎನ್ನುತ್ತದೆ, ಏನೂ ಹಾರುವುದಿಲ್ಲ. ಆದರೂ ಪಿಸ್ತೂಲಿನ ಮೂತಿ ತಾನಾಗಿಯೇ ಒಂದೆರಡು ಅಂಗುಲ ಕೆಳಗೆ ಮುಗ್ಗರಿಸುತ್ತದೆ. ಕತ್ತಲಲ್ಲಿ ಮೆಟ್ಟಿಲು ಮುಗಿದಿದ್ದರೂ ಇನ್ನೊಂದಿದೆ ಎಂದು ಭಾವಿಸಿ ಇಟ್ಟ ಕಾಲು ನೆಲಕ್ಕೆ ಧೊಪ್ಪನೆ ಬಡಿಯುವುದೂ ಹೀಗೆಯೇ. ಒದೆತ ಇದ್ದಾಗ ಅದರ ಮರೆಯಲ್ಲಿ ಅಡಗಿದ್ದ ಚಲನೆ, ಒದೆತ ಇಲ್ಲದಾಗ ಬಯಲಾಗುತ್ತದೆ.

ಈ ಮುಗ್ಗರಿಕೆಗೆ ಎಷ್ಟು ಬೆಲೆ ತೆರಬೇಕು ಎಂಬುದು ಜ್ಯಾಮಿತಿಯ ವಿಷಯ. 10 ಮೀಟರ್ ಗುರಿಫಲಕದಲ್ಲಿ ಹತ್ತು ಅಂಕದ ವೃತ್ತದ ವ್ಯಾಸ 11.5 ಮಿ.ಮೀ., ಪೆಲೆಟ್‌ನದು 4.5 ಮಿ.ಮೀ. ಗೆರೆಯನ್ನು ಮುಟ್ಟಿದರೂ ಅಂಕ ಸಿಗುವುದರಿಂದ ಪೆಲೆಟ್‌ನ ಕೇಂದ್ರ 8 ಮಿ.ಮೀ. ತನಕ ಸರಿದಿರಬಹುದು. ಕಣ್ಣು, ಹಿಂದಿನ ಸೈಟ್, ಮುಂದಿನ ಸೈಟ್ ಮೂರೂ ಒಂದೇ ಗೆರೆಯಲ್ಲಿ ಉಳಿದು ಇಡೀ ತೋಳು ಭುಜದಿಂದ ಮೆಲ್ಲಗೆ ತೂಗಿದರೆ, ಗುರಿಯ ಮೇಲೆ ಆ 8 ಮಿ.ಮೀ. ಅಲೆದಾಟವಿದ್ದರೂ ಹತ್ತಕ್ಕೆ ಮೋಸವಿಲ್ಲ. ಆದರೆ ಮಣಿಕಟ್ಟು ಬಾಗಿ, ಎರಡು ಸೈಟ್‌ಗಳ ನಡುವೆ 340 ಮಿ.ಮೀ. ಅಂತರವಿರುವ ಪಿಸ್ತೂಲಿನಲ್ಲಿ ಮುಂದಿನ ಸೈಟ್ ಕೇವಲ 0.27 ಮಿ.ಮೀ. ಸರಿದರೂ ಆ ಹತ್ತು ಕೈತಪ್ಪುತ್ತದೆ. 25 ಮೀಟರಿನಲ್ಲಿ ಒಂದೇ ಒಂದು ಡಿಗ್ರಿ ಬಾಗಿದರೆ ಗುಂಡು 44 ಸೆಂ.ಮೀ. ಕೆಳಗಿಳಿಯುತ್ತದೆ, ಅಲ್ಲಿಯ ನಿಖರ ಗುರಿಫಲಕದ ವೃತ್ತಗಳೆಲ್ಲ ಕೇಂದ್ರದಿಂದ 25 ಸೆಂ.ಮೀ.ಗೇ ಮುಗಿದುಹೋಗುತ್ತವೆ. ಕೊಡಗಿನಲ್ಲಿ ಕೈಲ್ ಮುಹೂರ್ತದಂದು ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವವರ ಕೋವಿಗೆ ಭುಜ, ಕೆನ್ನೆ, ಎರಡು ಕೈಗಳ ಆಧಾರವಿದೆ. ಒಂಟಿ ಕೈಯಲ್ಲಿ ಚಾಚಿ ಹಿಡಿದ ಪಿಸ್ತೂಲಿಗೆ ಇರುವುದು ಮಣಿಕಟ್ಟೊಂದೇ. ಉದ್ದ ನಳಿಕೆಯ ಪಿಸ್ತೂಲು ನಿಖರ ಎಂಬ ಮಾತಿನಲ್ಲಿ ಇರುವ ಸತ್ಯವೂ ಬಹುಮಟ್ಟಿಗೆ ಇಷ್ಟೇ: ಸೈಟ್‌ಗಳ ನಡುವಿನ ಅಂತರ ಹೆಚ್ಚಾದಷ್ಟೂ ತಪ್ಪು ಬೇಗ ಕಣ್ಣಿಗೆ ಬೀಳುತ್ತದೆ.

ಟ್ರಿಗರ್‌ನ ಬಿಗಿಯನ್ನೂ ಪಿಸ್ತೂಲಿನ ತೂಕದ ಜೊತೆಗಿಟ್ಟು ನೋಡಬೇಕು. 10 ಮೀಟರ್ ಸ್ಪರ್ಧೆಯ ನಿಯಮದಲ್ಲಿ ಟ್ರಿಗರ್ ಕನಿಷ್ಠ 500 ಗ್ರಾಂ ತೂಕವನ್ನು ತಡೆಯಬೇಕು, ಪಿಸ್ತೂಲು 1,500 ಗ್ರಾಂ ಮೀರಬಾರದು. ಸುಮಾರು ಒಂದು ಕಿಲೋ ತೂಗುವ ಪಿಸ್ತೂಲಿನ ಮೇಲೆ ಬೆರಳು ಹಾಕುವ ಬಲ ಅದರ ತೂಕದ ಅರ್ಧದಷ್ಟು. ಪ್ರತಿ ಸಲ ಟ್ರಿಗರ್‌ನಿಂದಲೇ ಕುದುರೆಯನ್ನು (ಗುಂಡಿನ ಹಿಂಬದಿಗೆ ಪೆಟ್ಟು ಕೊಡುವ ಸುತ್ತಿಗೆ) ಎತ್ತಿ ಹೊಡೆಯುವ, ಮುಕ್ಕಾಲು ಕಿಲೋ ತೂಕದ ರಿವಾಲ್ವರ್‌ನಲ್ಲಿ ಬೆರಳು ನಾಲ್ಕೈದು ಕಿಲೋ ಬಲ ಹಾಕಬೇಕಾಗುತ್ತದೆ, ಅಂದರೆ ಅದರ ತೂಕದ ಐದಾರು ಪಟ್ಟು. ಆತ್ಮರಕ್ಷಣೆಗೆಂದು ತೆಗೆದುಕೊಂಡ .32 ರಿವಾಲ್ವರ್‌ನಲ್ಲೇ ಗುರಿ ಕಲಿಯುತ್ತೇನೆ ಎನ್ನುವವರು ಈ ಅನುಪಾತವನ್ನು ಒಮ್ಮೆ ಯೋಚಿಸಲಿ.

ಹಾಗೆಂದು ಎಲ್ಲ ಏರ್ ಪಿಸ್ತೂಲುಗಳೂ ಒಂದೇ ಅಲ್ಲ. ಅಗ್ಗದಲ್ಲಿ ಸಿಗುವ ಸ್ಪ್ರಿಂಗ್ ಪಿಸ್ತೂಲಿನಲ್ಲಿ ಟ್ರಿಗರ್ ಒತ್ತಿದಾಗ ಭಾರವಾದ ಪಿಸ್ಟನ್ ಮುಂದಕ್ಕೆ ನುಗ್ಗುತ್ತದೆ, ಪಿಸ್ತೂಲು ಹಿಂದಕ್ಕೆ ಜಾರುತ್ತದೆ. ಪಿಸ್ಟನ್ ಕೊನೆ ಮುಟ್ಟಿ ನಿಂತಾಗ ಪಿಸ್ತೂಲು ಮತ್ತೆ ಮುಂದಕ್ಕೆ ಜಗ್ಗುತ್ತದೆ. ಇದರ ಬಹುಭಾಗ ಪೆಲೆಟ್ ನಳಿಕೆಯಲ್ಲಿರುವಾಗಲೇ ನಡೆದುಹೋಗುವುದರಿಂದ, ಶಕ್ತಿ ಕಡಿಮೆಯಿದ್ದರೂ ಹಿಡಿತದ ಸಣ್ಣ ವ್ಯತ್ಯಾಸ ಗುರಿಯ ಮೇಲೆ ಕಾಣುತ್ತದೆ. ಕಲಿಯುವವರಿಗೆ ತಪ್ಪು ತಮ್ಮದೋ ಯಂತ್ರದ್ದೋ ತಿಳಿಯುವುದಿಲ್ಲ. ಒಮ್ಮೆ ಸನ್ನೆಕೋಲು (ಲಿವರ್) ಎಳೆದು ಗಾಳಿ ತುಂಬುವ ಮಾದರಿಯಲ್ಲಿ ಈ ಕಾಟವಿಲ್ಲ, ಆದರೆ ಪ್ರತಿ ಗುಂಡಿಗೂ ತೋಳು ದಣಿಯುತ್ತದೆ. ಇಂದಿನ ಸ್ಪರ್ಧೆಗಳಲ್ಲಿ ಕಾಣುವುದು ಸುಮಾರು 200 ಬಾರ್ ಒತ್ತಡದ ಗಾಳಿಯ ಸಿಲಿಂಡರ್ ಇರುವ ಪಿಸ್ತೂಲುಗಳು. ಸ್ಟೈಯರ್, ಮೊರಿನಿ, ವಾಲ್ಟರ್, ಫೈನ್‌ವೆರ್ಕ್‌ಬೌ, ಪಾರ್ದಿನಿ ಹೆಸರುಗಳು ರೇಂಜಿನಲ್ಲಿ ಕಿವಿಗೆ ಬೀಳುತ್ತಲೇ ಇರುತ್ತವೆ. ಇವುಗಳಲ್ಲಿ ಯಾವುದು ಉತ್ತಮ ಎಂಬ ಚರ್ಚೆ ಹೊಸಬರಿಗೆ ವ್ಯರ್ಥ. ಎಲ್ಲವೂ ಅವರಿಗಿಂತ ಎಷ್ಟೋ ನಿಖರ. ಟ್ರಿಗರ್ ಎಲೆಕ್ಟ್ರಾನಿಕ್ ಆಗಿರಬೇಕೆ ಎಂದರೆ, ನನ್ನ ಮಟ್ಟಿಗೆ ಬೇಡ. ಸ್ಥಳೀಯ ಆರ್ಮರರ್ (ಬಂದೂಕು ದುರಸ್ತಿಗಾರ) ಬಿಚ್ಚಿ ಸರಿಮಾಡಬಲ್ಲ ಯಾಂತ್ರಿಕ ಟ್ರಿಗರ್ ಸಾಕು. 2021ರಲ್ಲಿ ಟೋಕಿಯೊ ಒಲಿಂಪಿಕ್ಸ್‌ನ ಅರ್ಹತಾ ಸುತ್ತಿನ ನಡುವೆ ಮನು ಭಾಕರ್ ಅವರ ಪಿಸ್ತೂಲು ಕೈಕೊಟ್ಟು ಅಮೂಲ್ಯವಾದ ನಿಮಿಷಗಳು ದುರಸ್ತಿಯಲ್ಲೇ ಕಳೆದದ್ದು ನೆನಪಿರಲಿ.

ಹಣ ಹಾಕಬೇಕಾದದ್ದು ಹಿಡಿಕೆಗೆ. ಅದು ಸಣ್ಣ, ಮಧ್ಯಮ, ದೊಡ್ಡ ಅಳತೆಗಳಲ್ಲಿ, ಬಲಗೈಗೆ ಬೇರೆ ಎಡಗೈಗೆ ಬೇರೆಯಾಗಿ ಬರುತ್ತದೆ. ಕೊಳ್ಳುವ ಮೊದಲು ಖಾಲಿ ಪಿಸ್ತೂಲನ್ನು ಹಿಡಿದು, ಕಣ್ಣು ಮುಚ್ಚಿ ತೋಳನ್ನು ಗುರಿಯ ಎತ್ತರಕ್ಕೆ ಎತ್ತಿ, ಆಮೇಲೆ ಕಣ್ಣು ತೆರೆಯಬೇಕು. ಮುಂದಿನ ಸೈಟ್ ಹಿಂದಿನದರ ಕಚ್ಚಿನೊಳಗೆ ಹೆಚ್ಚುಕಡಿಮೆ ಮಧ್ಯದಲ್ಲಿ ಕೂತಿದ್ದರೆ ಹಿಡಿಕೆ ನಿಮ್ಮದು. ಪ್ರತಿ ಸಲವೂ ಒಂದೇ ಬದಿಗೆ ವಾಲಿದ್ದರೆ ಅದನ್ನು ಅರದಿಂದ ಉಜ್ಜಿಯೋ ಮರದ ಪುಟ್ಟಿ ಮೆತ್ತಿಯೋ ಕೈಗೆ ಹೊಂದಿಸಬೇಕು, ಮಣಿಕಟ್ಟನ್ನು ಹಿಡಿಕೆಗೆ ಹೊಂದಿಸಲು ಹೋಗಬಾರದು. ಯಾವ ಕೈ ಎಂಬ ಗೊಂದಲವಿರುವವರಿಗೆ ಹಂಗೇರಿಯ ಸೈನಿಕ ಕಾರೋಯ್ ಟಕಾಚ್ ಅವರ ಕಥೆ ಹೇಳಬೇಕು. 1938ರಲ್ಲಿ ಗ್ರೆನೇಡ್ ಸಿಡಿದು ಅವರ ಬಲಗೈ ಹಾಳಾಯಿತು. ಯಾರಿಗೂ ಹೇಳದೆ ಎಡಗೈಯಲ್ಲಿ ಅಭ್ಯಾಸ ಮಾಡಿದ ಅವರು 1948ರ ಲಂಡನ್ ಮತ್ತು 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ಗಳಲ್ಲಿ 25 ಮೀಟರ್ ರ‍್ಯಾಪಿಡ್ ಫೈರ್ ಪಿಸ್ತೂಲಿನ ಚಿನ್ನ ಗೆದ್ದರು. ನಿಮ್ಮ ಪ್ರಬಲ ಕಣ್ಣು, ಅಂದರೆ ಗುರಿ ನೋಡಲು ಮೆದುಳು ಹೆಚ್ಚು ನೆಚ್ಚುವ ಕಣ್ಣು, ಎಡದ್ದಾಗಿದ್ದರೆ ಎಡಗೈ ಹಿಡಿಕೆಯನ್ನು ಪ್ರಯತ್ನಿಸಿ ನೋಡಲು ಇದಕ್ಕಿಂತ ಹೆಚ್ಚಿನ ಧೈರ್ಯ ಬೇಕಿಲ್ಲ.

ಕಣ್ಣಿನ ಬಗ್ಗೆ ಒಂದು ಮಾತು. ನಮ್ಮ ಕಣ್ಣಿನ ಮಸೂರ ಒಂದು ಹೊತ್ತಿಗೆ ಒಂದೇ ದೂರಕ್ಕೆ ಹೊಂದಿಕೊಳ್ಳುತ್ತದೆ. ಗುರಿಫಲಕ ಮಸುಕಾಗಿ, ಮುಂದಿನ ಸೈಟ್ ಚೂಪಾಗಿ ಕಾಣಬೇಕು. ನಲವತ್ತೈದು ದಾಟಿದವರು ಪಿಸ್ತೂಲಿಗೆ ಲಕ್ಷ ಸುರಿಯುವ ಮೊದಲು ಕಣ್ಣಿನ ವೈದ್ಯರ ಬಳಿ ಹೋಗಿ, ಚಾಚಿದ ಕೈಯ ತುದಿಯಲ್ಲಿರುವ ಸೈಟ್ ಸ್ಪಷ್ಟವಾಗುವ ಮಸೂರವನ್ನು ಬರೆಸಿಕೊಳ್ಳುವುದು ಲೇಸು.

.22 ಪಿಸ್ತೂಲು ಎರಡನೆಯ ಹೆಜ್ಜೆ. 2012ರಲ್ಲಿ ಲಂಡನ್ನಿನಲ್ಲಿ ವಿಜಯ್ ಕುಮಾರ್ ಬೆಳ್ಳಿ ಗೆದ್ದದ್ದು ಈ ಬೋರಿನ ರ‍್ಯಾಪಿಡ್ ಫೈರ್ ಸ್ಪರ್ಧೆಯಲ್ಲಿ. ಬೆಂಗಳೂರಿನ ಪ್ರಕಾಶ್ ನಂಜಪ್ಪ 2016ರಲ್ಲಿ ರಿಯೊದಲ್ಲಿ ಆಡಿದ 50 ಮೀಟರ್ ಪಿಸ್ತೂಲ್ ಸ್ಪರ್ಧೆಯೂ .22ರದ್ದೇ, ಆ ಕೂಟದ ನಂತರ ಒಲಿಂಪಿಕ್ಸ್ ಅದನ್ನು ಕೈಬಿಟ್ಟಿತು. ಲೋಕಸಭೆಯ ಮೊದಲ ಸಭಾಧ್ಯಕ್ಷ ಜಿ.ವಿ. ಮಾವಳಂಕರ್ ಅವರ ಅಧ್ಯಕ್ಷತೆಯಲ್ಲಿ 1951ರಲ್ಲಿ ಹುಟ್ಟಿದ ರಾಷ್ಟ್ರೀಯ ರೈಫಲ್ ಸಂಸ್ಥೆ ಮತ್ತು ಅದರ ರಾಜ್ಯ ಸಂಸ್ಥೆಗಳ ಮೂಲಕ ಹೋಗುವವರಿಗೆ ಪರವಾನಗಿಯ ದಾರಿ ಸ್ಪಷ್ಟವಾಗಿ ಕಾಣುತ್ತದೆ. ಅಲ್ಲಿಯವರೆಗೆ ಏರ್ ಪಿಸ್ತೂಲಿನಲ್ಲಿ, ಮನೆಯ ಗೋಡೆಯೆದುರು ಪೆಲೆಟ್ ಹಾಕದೆ ಟ್ರಿಗರ್ ಒತ್ತುವ ಅಭ್ಯಾಸವನ್ನೂ ಮಾಡಬಹುದು. ಸದ್ದಿಲ್ಲದ, ಒದೆತವಿಲ್ಲದ ಪ್ರತಿಯೊಂದು ಒತ್ತುವಿಕೆಯೂ ಕಿರುಮೆದುಳಿಗೆ ಟ್ರಿಗರ್‌ನಿಂದ ಅಪಾಯವೇನಿಲ್ಲ ಎಂಬ ಪಾಠ.

ಬಳಸಿದ ಪಿಸ್ತೂಲು ಕೊಳ್ಳಲು ಹಿಂಜರಿಯಬೇಕಿಲ್ಲ, ನಳಿಕೆ ಸುಲಭಕ್ಕೆ ಸವೆಯುವುದಿಲ್ಲ. ಸಿಲಿಂಡರ್ ಮೇಲೆ ಕೊರೆದಿರುವ ದಿನಾಂಕವನ್ನು ಮಾತ್ರ ಓದಬೇಕು. ಹಲವು ತಯಾರಕರು ಅದಕ್ಕೆ ಹತ್ತು ವರ್ಷದ ಆಯುಸ್ಸನ್ನು ನಿಗದಿ ಮಾಡಿರುತ್ತಾರೆ, ಅವಧಿ ಮೀರದಂತೆ ನೋಡಿಕೊಳ್ಳುವ ಹೊಣೆಯನ್ನು ಸ್ಪರ್ಧೆಯ ನಿಯಮಗಳು ಶೂಟರ್ ಮೇಲೆಯೇ ಹೊರಿಸುತ್ತವೆ. ಅವಧಿ ಮುಗಿದಿದ್ದರೆ ಹೊಸ ಸಿಲಿಂಡರ್‌ನ ಬೆಲೆಯನ್ನು ಮಾರುವವರು ಹೇಳಿದ ಮೊತ್ತದಿಂದ ಕಳೆದೇ ಮಾತು ಮುಂದುವರಿಸಿ.